ಖಾಸಗಿ ಕ್ರೂಸ್ ದ್ವೀಪದ ಇಐಎ ವರದಿ: ಹಡಗು ಧಕ್ಕೆಯ ನಕ್ಷೆಯಿಂದ ಓದಲು ಶುರುಮಾಡಿ

ಕ್ರೂಸ್, ಅಂದರೆ ವಿಹಾರ ಹಡಗಿನ, ಕಂಪನಿಯೊಂದು ದ್ವೀಪವನ್ನೋ ಕಡಲತೀರವನ್ನೋ ತನ್ನ ಪ್ರಯಾಣಿಕರಿಗೆಂದು ಅಭಿವೃದ್ಧಿಪಡಿಸಲು ಹೊರಟಾಗ ಪರಿಸರ ಪರಿಣಾಮ ವರದಿ, ಅಂದರೆ ಇಐಎ, ಪರಿಶೀಲನೆಗೆ ಬರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಅದನ್ನು ಸಾರಾಂಶದಿಂದ ಓದಲು ಶುರುಮಾಡುತ್ತಾರೆ. ಸೌರಫಲಕ ಎಷ್ಟು, ಉದ್ಯೋಗ ಎಷ್ಟು, ಶೇಕಡಾ ಎಷ್ಟು ಜಾಗ ಮುಟ್ಟುವುದಿಲ್ಲ ಎಂಬುದೆಲ್ಲ ಅಲ್ಲಿರುತ್ತದೆ. ಅದು ಸುಳ್ಳು ಎಂದಲ್ಲ. ಆದರೆ ಹಾನಿ ಎಷ್ಟು ಎನ್ನುವುದು ತೀರ್ಮಾನವಾಗುವುದು ಎರಡೇ ಹಾಳೆಗಳಲ್ಲಿ. ಒಂದು, ನೀರಿನ ಆಳದ ಮೇಲೆ ಧಕ್ಕೆಯನ್ನು, ಅಂದರೆ ಹಡಗು ನಿಲ್ಲುವ ಕಟ್ಟೆಯನ್ನು, ಗುರುತಿಸಿದ ನಕ್ಷೆ. ಇನ್ನೊಂದು, ಜಮೀನಿನ ಗಡಿ, ಭರತರೇಖೆ (ಭರತದ ನೀರು ತಲುಪುವ ಮೇಲಿನ ಗೆರೆ) ಮತ್ತು ಸಾರ್ವಜನಿಕ ರಸ್ತೆ ಮೂರೂ ಒಟ್ಟಿಗೆ ಕಾಣುವ ಸರ್ವೆ ನಕ್ಷೆ. ಇವೆರಡನ್ನು ಮೇಜಿನ ಮೇಲೆ ಹರಡಿಕೊಂಡ ಮೇಲೆಯೇ ಸಾರಾಂಶಕ್ಕೆ ಬನ್ನಿ. ಈ ಹಾಳೆಗಳಲ್ಲಿ ಒಂದು ಇಲ್ಲದಿದ್ದರೂ ವರದಿಯನ್ನು ವಾಪಸ್ ಕಳಿಸಲು ಅಷ್ಟೇ ಸಾಕು.

ಈ ವ್ಯವಹಾರದ ಕೇಂದ್ರ ಅಮೆರಿಕದ ಫ್ಲಾರಿಡಾ ಬಳಿಯ ದ್ವೀಪರಾಷ್ಟ್ರ ಬಹಾಮಾಸ್. 1977ರಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ಬಳಸತೊಡಗಿದ್ದು ಮೊದಲು. 1996ರಲ್ಲಿ ಹಾಲಂಡ್ ಅಮೆರಿಕ ಲಿಟಲ್ ಸ್ಯಾನ್ ಸಾಲ್ವಡೋರ್ ಕೊಂಡು ಹಾಫ್ ಮೂನ್ ಕೇ ಎಂದು ಹೆಸರಿಟ್ಟಿತು. 1998ರಲ್ಲಿ ಡಿಸ್ನಿಯ ಕ್ಯಾಸ್ಟವೇ ಕೇ ಬಂತು. 2019ರಲ್ಲಿ ರಾಯಲ್ ಕೆರಿಬಿಯನ್ 25 ಕೋಟಿ ಡಾಲರ್ ಸುರಿದು ಕೋಕೋಕೇಯನ್ನು ನೀರಾಟದ ಪಾರ್ಕ್ ಮಾಡಿತು. ಎಲೂಥೆರಾ ದ್ವೀಪದ ದಕ್ಷಿಣ ತುದಿ ಲೈಟ್‌ಹೌಸ್ ಪಾಯಿಂಟ್‌ನಲ್ಲಿ ಡಿಸ್ನಿ ತನ್ನ ಎರಡನೆಯ ತಾಣವನ್ನು ತೆರೆದದ್ದು 2024ರಲ್ಲಿ. ಗ್ರ್ಯಾಂಡ್ ಬಹಾಮಾದಲ್ಲಿ ಕಾರ್ನಿವಲ್‌ನ ಸೆಲೆಬ್ರೇಷನ್ ಕೀ 2025ರಲ್ಲಿ ಶುರುವಾಯಿತು. ಹಿಂದೆಲ್ಲ ಹಡಗು ಆಳದ ನೀರಿನಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುವುದೇ ರೂಢಿಯಾಗಿತ್ತು. ಐದಾರು ಸಾವಿರ ಜನರ ಹಡಗಿನಲ್ಲಿ ಅದು ಗಂಟೆಗಟ್ಟಲೆ ಹಿಡಿಯುತ್ತದೆ, ಅಲೆ ಎದ್ದ ದಿನ ಭೇಟಿಯೇ ರದ್ದಾಗುತ್ತದೆ. ಆದ್ದರಿಂದ ಈಗಿನ ಯೋಜನೆಗಳಿಗೆ ಧಕ್ಕೆ ಬೇಕೇ ಬೇಕು, ಪರಿಸರದ ಲೆಕ್ಕ ತಲೆಕೆಳಗಾಗುವುದೂ ಅಲ್ಲಿಯೇ.

ಲೆಕ್ಕವನ್ನು ಕೈಯಾರೆ ಮಾಡಿ ನೋಡಿ. ಅತಿ ದೊಡ್ಡ ಹಡಗುಗಳ ಡ್ರಾಫ್ಟ್, ಅಂದರೆ ನೀರಿನೊಳಗೆ ಮುಳುಗಿರುವ ಭಾಗ, 9.3 ಮೀಟರಿನ ಹತ್ತಿರ. ತಳದಡಿ ಕನಿಷ್ಠ ಹತ್ತರಲ್ಲೊಂದು ಪಾಲು ಬಿಡುವು ಬೇಕು. ಅಲೆಯ ಏರಿಳಿತ, ಹಡಗು ಓಡುವಾಗ ತಗ್ಗುವ ಪ್ರಮಾಣ, ಅಳತೆಯ ತಪ್ಪು ಇವನ್ನೆಲ್ಲ ಸೇರಿಸಿದರೆ 11 ಮೀಟರ್ ಆಳ ಇರಬೇಕು. ನಕ್ಷೆಯಲ್ಲಿ 8 ಮೀಟರ್ ಇದ್ದರೆ 3 ಮೀಟರ್ ಕಡಿಯಬೇಕು. ಕಾಲುವೆ 1,500 ಮೀಟರ್ ಉದ್ದ, 150 ಮೀಟರ್ ಅಗಲ ಎಂದಿಟ್ಟುಕೊಂಡರೆ 6,75,000 ಘನ ಮೀಟರ್ ಆಯಿತು, ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ 67,500 ಲೋಡು. ಇಕ್ಕೆಲದ ಇಳಿಜಾರು ಇದರಲ್ಲಿ ಸೇರಿಲ್ಲ. ಹಡಗು ತಿರುಗುವ ವೃತ್ತ ಇನ್ನೂ ಬೇರೆ. ಅದರ ವ್ಯಾಸ ಹಡಗಿನ ಉದ್ದದ ಒಂದೂವರೆ ಪಟ್ಟು ಎಂದು ಹಿಡಿದರೂ, 365 ಮೀಟರ್ ಹಡಗಿಗೆ ಸುಮಾರು 550 ಮೀಟರ್. ವಿಸ್ತೀರ್ಣ ಸುಮಾರು 24 ಹೆಕ್ಟೇರ್, ಎಂದರೆ 59 ಎಕರೆ.

ಈ 59 ಎಕರೆಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಶೇಕಡಾವಾರು ಮಾತು ಬರುವುದು ಇಲ್ಲಿಯೇ. ಹಾಫ್ ಮೂನ್ ಕೇಯ 2,400 ಎಕರೆಯಲ್ಲಿ ಅಭಿವೃದ್ಧಿಯಾದದ್ದು 50 ಎಕರೆ, ಶೇ 2 ಮಾತ್ರ ಎಂದು ಕಂಪನಿ ಹೇಳುತ್ತ ಬಂದಿದೆ. ಕ್ಯಾಸ್ಟವೇ ಕೇಯಲ್ಲಿ 1,000 ಎಕರೆಗೆ ಸುಮಾರು 55 ಎಕರೆ. ಇಂಥ ಶೇಕಡಾವಾರು ಲೆಕ್ಕ ನೆಲಕ್ಕೆ ಸೀಮಿತ, ಕಡಲತಳ ಅದರೊಳಗೆ ಬರುವುದಿಲ್ಲ. ತಿರುಗುವ ವೃತ್ತವೊಂದೇ ಅಷ್ಟೂ ನೆಲಕ್ಕಿಂತ ದೊಡ್ಡದಾಗಬಹುದು. ಜೊತೆಗೆ ಇಂಥ ಸಣ್ಣ ಪಾಲು ದ್ವೀಪದ ಯಾವ ಭಾಗ ಎಂದೂ ನೋಡಬೇಕು. ಅದು ಸಾಮಾನ್ಯವಾಗಿ ದ್ವೀಪದ ಒಳಗಿನ ಕುರುಚಲು ಕಾಡಲ್ಲ. ಮರಳಿನ ತೀರ, ಆಮೆ ಮೊಟ್ಟೆಯಿಡುವ ಜಾಗ, ಊರಿನವರು ದೋಣಿ ಎಳೆಯುವ ಜಾಗ ಬರುವುದು ಅದರೊಳಗೇ. ಹಾಗಾಗಿ ಮೂರು ಲೆಕ್ಕ ಪ್ರತ್ಯೇಕವಾಗಿ ಕೇಳಿ: ನೆಲದಲ್ಲಿ ಎಷ್ಟು, ತೀರದ ಉದ್ದದಲ್ಲಿ ಎಷ್ಟು, ಕಡಲತಳದಲ್ಲಿ ಎಷ್ಟು.

ಕಡಿಯುವುದಕ್ಕಿಂತ ಕದಡುವುದು ಹೆಚ್ಚು ದೂರ ಮುಟ್ಟುತ್ತದೆ. ಬಹಾಮಾಸ್‌ನ ಕಡಲತಳ ಸುಣ್ಣಕಲ್ಲು. ಯಂತ್ರ ಅದನ್ನು ಅರೆದಾಗ ಹಾಲಿನಂಥ ನುಣ್ಣನೆ ಸುಣ್ಣದ ಕೆಸರು ಏಳುತ್ತದೆ. ಮರಳು ಬೇಗ ಕೂರುತ್ತದೆ, ಇದು ಹಾಗಲ್ಲ, ಕೂತದ್ದೂ ಪ್ರತಿ ಅಲೆಗೆ ಮತ್ತೆ ಏಳುತ್ತದೆ. ಹವಳದ ಮೇಲೆ ಕೂತರೆ ಅದಕ್ಕೆ ಉಸಿರೂ ಇಲ್ಲ, ಬೆಳಕೂ ಇಲ್ಲ. ತಡೆಗೆ ಎಂದು ಎಲ್ಲ ವರದಿಗಳಲ್ಲೂ ಸಿಲ್ಟ್ ಕರ್ಟನ್, ಅಂದರೆ ತೇಲುವ ಪರದೆ, ಬರೆದಿರುತ್ತಾರೆ. ಪ್ರವಾಹ ಸೆಕೆಂಡಿಗೆ ಅರ್ಧ ಮೀಟರ್ ದಾಟಿದರೆ ಆ ಪರದೆ ಬಾವುಟದ ಹಾಗೆ ಮೇಲೆದ್ದು ಕೆಸರನ್ನು ಅಡಿಯಿಂದ ಬಿಟ್ಟುಬಿಡುತ್ತದೆ. ಆದ್ದರಿಂದ ಪರದೆಯ ಉದ್ದ ಕೇಳುವ ಮೊದಲು ಆ ಜಾಗದ ಪ್ರವಾಹದ ಅಳತೆ ಕೇಳಬೇಕು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತ ಒಳಗೊಂಡಂತೆ ಕನಿಷ್ಠ ಒಂದು ಚಾಂದ್ರಮಾಸದ ಅಳತೆ ಬೇಕು. ಮೂರು ದಿನದ ಅಳತೆ ಯಾವುದಕ್ಕೂ ಸಾಲದು.

ಕದಡನ್ನು ಅಳೆಯುವ ಮಾನ ಎನ್‌ಟಿಯು. ಫ್ಲಾರಿಡಾದ ಸಾಮಾನ್ಯ ಮಿತಿ ಸಹಜ ಮಟ್ಟಕ್ಕಿಂತ 29 ಎನ್‌ಟಿಯು ಮೇಲೆ. ಕೆರಿಬಿಯನ್ ಸುತ್ತಲಿನ ವರದಿಗಳು ಈ ಅಂಕಿಯನ್ನು ಎತ್ತಿ ತಂದಿದ್ದರೆ ಎರಡು ಪ್ರಶ್ನೆ ಹಾಕಿ. ಒಂದು, ತಿಳಿನೀರಿಗೆ ಒಗ್ಗಿದ ಹವಳಕ್ಕೆ 29 ಬಹಳ ಸಡಿಲ, ಇಲ್ಲಿಗೆ ಅದು ಹೇಗೆ ಸಲ್ಲುತ್ತದೆ? ಎರಡು, ಸಹಜ ಮಟ್ಟ ಅಳೆಯುವ ಬಿಂದು ಎಲ್ಲಿದೆ? ಅದನ್ನು ಕೆಲಸದ ಜಾಗದ ಹತ್ತಿರವೇ ಇಟ್ಟರೆ ಕೆಸರು ಅಲ್ಲಿಗೂ ತಲುಪಿ ಸಹಜ ಮಟ್ಟವೇ ಮೇಲೇರುತ್ತದೆ. ಆಗ ಕಾಗದದ ಮೇಲೆ ಉಲ್ಲಂಘನೆ ಎಂದೂ ಆಗುವುದಿಲ್ಲ. ಭರತ ಇಳಿತಕ್ಕೆ ಪ್ರವಾಹ ದಿಕ್ಕು ಬದಲಿಸುವ ಕಡೆ ಎರಡೂ ಪಕ್ಕದಲ್ಲಿ ಬಿಂದು ಬೇಕು.

ಇದು ಬರೀ ಕಾಗದದ ತಕರಾರಲ್ಲ. 2013ರಿಂದ 2015ರವರೆಗೆ ಮಯಾಮಿ ಬಂದರಿನ ಕಾಲುವೆ ಆಳ ಮಾಡಿದಾಗ ಅನುಮತಿಯಲ್ಲಿ ಊಹಿಸಿದ್ದಕ್ಕಿಂತ ಬಹಳ ದೂರದವರೆಗೆ ಹೂಳು ಹವಳದ ಮೇಲೆ ಕೂತಿತು. ಅದು ಸರಕು ಹಡಗಿಗಾಗಿ ಮಾಡಿದ ಕೆಲಸ, ಆದರೆ ಪಾಠ ಅದೇ. ಕಾಲುವೆಯಿಂದ ಅರ್ಧ ಕಿಲೋಮೀಟರ್ ಒಳಗೆ ಐದು ಲಕ್ಷಕ್ಕೂ ಹೆಚ್ಚು ಹವಳ ಸತ್ತಿರಬಹುದು ಎಂದು 2019ರ ಅಧ್ಯಯನ ಲೆಕ್ಕ ಹಾಕಿತು. ಅದೇ ಹೊತ್ತಿಗೆ, 2014ರಲ್ಲಿ, ಮಯಾಮಿ ಬಳಿಯೇ ಗಟ್ಟಿ ಹವಳದ ಅಂಗಾಂಶ ಕಳಚುವ ರೋಗವೂ ಕಾಣಿಸಿಕೊಂಡಿತ್ತು. ಸತ್ತದ್ದು ಹೂಳಿನಿಂದಲೋ ರೋಗದಿಂದಲೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ದೂರದ ಹೋಲಿಕೆ ಬಿಂದುಗಳನ್ನು ಕೆಲಸ ಶುರುವಾಗುವ ಒಂದು ವರ್ಷ ಮೊದಲೇ ನೆಟ್ಟಿರಬೇಕು ಎಂದು ಪಟ್ಟು ಹಿಡಿಯುವುದು ಈ ಕಾರಣಕ್ಕೆ. ಆ ರೋಗ 2019ರಲ್ಲಿ ಬಹಾಮಾಸ್‌ಗೂ ತಲುಪಿದೆ. ಹಾಗಾಗಿ ಹವಳವನ್ನು ಬೇರೆಡೆ ನೆಡುತ್ತೇವೆ ಎಂಬ ಭರವಸೆಯನ್ನೂ ಹಾಗೇ ಒಪ್ಪಬಾರದು. ರೋಗದ ತಪಾಸಣೆ ಆಗಿದೆಯೇ, ಬೇಸಿಗೆಯ ಬಿಸಿ ನೀರಿನಲ್ಲಿ ನೆಡುತ್ತಿದ್ದಾರೆಯೇ, ಉಳಿವಿನ ಲೆಕ್ಕ ಮೂರು ತಿಂಗಳದ್ದೋ ಎರಡು ವರ್ಷದ್ದೋ, ಹತ್ತು ಸೆಂಟಿಮೀಟರಿಗಿಂತ ಸಣ್ಣ ಹವಳಗಳನ್ನು ಏನು ಮಾಡುತ್ತಾರೆ ಎಂದು ಒಂದೊಂದಾಗಿ ಕೇಳಿ. ನೆಟ್ಟದ್ದರ ಪಕ್ಕದಲ್ಲೇ ಮುಟ್ಟದೆ ಬಿಟ್ಟ ಹವಳಗಳನ್ನೂ ಎಣಿಸದಿದ್ದರೆ ಉಳಿವಿನ ಶೇಕಡಾವಾರಿಗೆ ಅರ್ಥವಿಲ್ಲ.

ಲೈಟ್‌ಹೌಸ್ ಪಾಯಿಂಟ್‌ನಲ್ಲಿ ಡಿಸ್ನಿ ಬೇರೆ ದಾರಿ ಹಿಡಿಯಿತು. ಕ್ಯಾಸ್ಟವೇ ಕೇಯಲ್ಲಿ ಕಾಲುವೆ ಕಡಿದಿದ್ದ ಕಂಪನಿ ಇಲ್ಲಿ ಸುಮಾರು ಅರ್ಧ ಮೈಲಿ ಉದ್ದದ, ಕಂಬಗಳ ಮೇಲೆ ನಿಂತ ತೆರೆದ ಧಕ್ಕೆ ಕಟ್ಟಿ, ಹಡಗನ್ನು ಸಹಜವಾಗಿ ಆಳವಿರುವ ಕಡೆ ನಿಲ್ಲಿಸಿತು. ಹೂಳೆತ್ತುವ ಕೆಲಸ ತಪ್ಪಿತು, ಕಂಬಗಳ ನಡುವೆ ನೀರು ಮರಳು ಎರಡೂ ಹರಿಯುತ್ತವೆ. ಕಲ್ಲು ತುಂಬಿದ ಗಟ್ಟಿ ಧಕ್ಕೆಗಿಂತ ಇದು ನಿಸ್ಸಂಶಯವಾಗಿ ಒಳ್ಳೆಯದು. ಕರಾವಳಿಯಲ್ಲಿ ಕಲ್ಲಿನ ತಡೆಗೋಡೆ ಹಾಕಿದ ಮೇಲೆ ಪಕ್ಕದ ಊರಿನ ದಡ ಕೊರೆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಕಂಬದ ಧಕ್ಕೆ ಎಂದ ಕೂಡಲೇ ಪ್ರಶ್ನೆ ಮುಗಿಯುವುದಿಲ್ಲ. ಪ್ರತಿ ಕಂಬಕ್ಕೂ ತಳ ಕೊರೆಯಬೇಕು, ಕೊರೆದ ಪುಡಿ ಎಲ್ಲಿ ಹೋಗುತ್ತದೆ? ಧಕ್ಕೆಯ ನೆರಳಿನಲ್ಲಿ ಕಡಲಹುಲ್ಲು ಎಷ್ಟಿದೆ? ಹಡಗು ಧಕ್ಕೆಗೆ ಹೊಂದಿಕೊಳ್ಳುವಾಗ ಪಕ್ಕದ ಥ್ರಸ್ಟರ್‌ಗಳು, ಅಂದರೆ ಹಡಗನ್ನು ಅಡ್ಡಕ್ಕೆ ತಳ್ಳುವ ಪಂಖಗಳು, ನೀರನ್ನು ಎಷ್ಟು ಜೋರಾಗಿ ತಳಕ್ಕೆ ಒದೆಯುತ್ತವೆ? ಕೊನೆಯದನ್ನು ವರದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಅದು ಕಟ್ಟುವಾಗಿನ ಒಂದು ಸಲದ ಹಾನಿಯಲ್ಲ, ಹಡಗು ಬಂದ ದಿನವೆಲ್ಲ ಆಗುವಂಥದ್ದು.

ನೀರು, ಕಸ, ಬೆಳಕು ಈ ಮೂರಕ್ಕೆ ಪರಿಹಾರ ಗೊತ್ತಿರುವಂಥದ್ದು, ಬರೆಸಿಕೊಂಡರೆ ಸಾಕು. 4,000 ಜನ ತಲಾ 80 ಲೀಟರ್ ಬಳಸಿದರೆ ದಿನಕ್ಕೆ 320 ಘನ ಮೀಟರ್ ಸಿಹಿನೀರು. ಕಡಲ ನೀರನ್ನು ಶೋಧಿಸಿ ತೆಗೆಯುವಾಗ ಶೇ 40 ಸಿಹಿಯಾದರೆ, 800 ಘನ ಮೀಟರ್ ಎತ್ತಿ 480 ಘನ ಮೀಟರ್ ಗಟ್ಟಿ ಉಪ್ಪುನೀರು ಹೊರಹಾಕಬೇಕು. ಅದರ ಉಪ್ಪು ಲೀಟರಿಗೆ 36 ಗ್ರಾಮಿನಿಂದ 60ಕ್ಕೆ ಏರಿರುತ್ತದೆ, ಭಾರವಾದ್ದರಿಂದ ತಳ ಹಿಡಿದೇ ಹರಿಯುತ್ತದೆ. ಅದನ್ನು ಕೊಳವೆಬಾವಿಗೆ ಇಳಿಸುತ್ತೇವೆ ಎಂದರೆ ಬಾವಿಯ ಆಳ ಕೇಳಿ. ತೂತು ತೂತಾದ ಸುಣ್ಣಕಲ್ಲಿನಲ್ಲಿ ಮೇಲಿನ ಪದರಕ್ಕೆ ಬಿಟ್ಟದ್ದೆಲ್ಲ ತೀರಕ್ಕೇ ವಾಪಸ್ ಬರುತ್ತದೆ, ಶೌಚದ ನೀರಿಗೂ ಇದೇ ಮಾತು. ಕಸವನ್ನು ಹಡಗಿನಲ್ಲಿ ವಾಪಸ್ ಒಯ್ಯುತ್ತೇವೆ ಎಂದರೆ ಯಾವ ಬಂದರಿನಲ್ಲಿ ಇಳಿಸುತ್ತಾರೆಂದು ಹೆಸರು ಬರೆಸಿ. 2019ರಲ್ಲಿ ಕಾರ್ನಿವಲ್ ಕಂಪನಿ ಬಹಾಮಾಸ್ ನೀರಿನಲ್ಲಿ ಆಹಾರದ ಕಸದ ಜೊತೆ ಪ್ಲಾಸ್ಟಿಕ್ ಬಿಟ್ಟದ್ದೂ ಸೇರಿದಂತೆ ಹಲವು ಉಲ್ಲಂಘನೆಗಳನ್ನು ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡು 2 ಕೋಟಿ ಡಾಲರ್ ದಂಡ ಕಟ್ಟಿದೆ. ಆಮೆ ಬರುವ ತೀರಕ್ಕೆ 560 ನ್ಯಾನೋಮೀಟರಿಗಿಂತ ಉದ್ದ ತರಂಗದ ಕಿತ್ತಳೆ ಬೆಳಕು, ಮೇಲೆ ಮುಚ್ಚಳ, ಕೆಳಮಟ್ಟದ ಕಂಬ. ಧಕ್ಕೆಯಲ್ಲಿ ರಾತ್ರಿ ನಿಲ್ಲುವ ಹಡಗಿನ ಬೆಳಕನ್ನೂ ಇದರೊಳಗೆ ಸೇರಿಸಲು ಮರೆಯಬೇಡಿ.

ಗಿಡ ನೆಡುವ ಪಟ್ಟಿ ನೋಡುವಾಗ ನಮ್ಮವರು ಒಂದು ಕಡೆ ತಪ್ಪುತ್ತಾರೆ. ನಮ್ಮ ಕರಾವಳಿಯಲ್ಲಿ ದಡ ಉಳಿಸಲೆಂದು ನೆಡುವ ಗಾಳಿಮರ ಬಹಾಮಾಸ್‌ನಲ್ಲಿ ಹೊರಗಿನಿಂದ ಬಂದು ಹರಡಿದ ಕಳೆ. ಅದರ ಕೆಳಗೆ ಬೇರೆ ಗಿಡ ಏಳುವುದಿಲ್ಲ, ಮೇಲುಬೇರಿನ ಮರ ಬಿದ್ದಾಗ ದಡವನ್ನೂ ಕಿತ್ತುಕೊಂಡು ಹೋಗುತ್ತದೆ. ಗಾಳಿಮರ ಕಡಿಯುತ್ತೇವೆ ಎಂದು ಬರೆದಿದ್ದರೆ ಅದು ಒಳ್ಳೆಯ ಕೆಲಸ, ಆಕ್ಷೇಪ ಬರೆಯಬೇಡಿ.

ಇನ್ನು ಸಾರ್ವಜನಿಕರ ದಾರಿ. ಬಹಾಮಾಸ್‌ನಲ್ಲಿ ಭರತರೇಖೆಯ ಕೆಳಗಿನ ತೀರ ಸರ್ಕಾರದ್ದು, ಯಾರಾದರೂ ನಡೆಯಬಹುದು. ಆದರೆ ಅಲ್ಲಿಗೆ ತಲುಪಲು ಖಾಸಗಿ ಜಮೀನು ದಾಟುವ ಹಕ್ಕು ಅದರ ಜೊತೆಗೆ ತಾನಾಗಿ ಬರುವುದಿಲ್ಲ. ಜಮೈಕಾದಲ್ಲಿ 1956ರ ಬೀಚ್ ಕಾಯ್ದೆ ಜನರಿಗೆ ಸಾಮಾನ್ಯ ಹಕ್ಕನ್ನೇ ಕೊಟ್ಟಿಲ್ಲ. ಮೆಕ್ಸಿಕೋದಲ್ಲಿ ಭರತರೇಖೆಯಿಂದ 20 ಮೀಟರ್ ಪಟ್ಟಿ ಒಕ್ಕೂಟ ಸರ್ಕಾರದ್ದು, ಬೇರೆ ದಾರಿ ಇಲ್ಲದ ಕಡೆ ಪಕ್ಕದ ಜಮೀನಿನವರು ದಾರಿ ಬಿಡಬೇಕೆಂದು 2020ರಲ್ಲಿ ಕಾನೂನು ತಿದ್ದಿದ್ದಾರೆ. ಅಲ್ಲಿನ ಕರಾವಳಿಯ ಊರು ಮಹಾಹುವಾಲ್‌ನಲ್ಲಿ ರಾಯಲ್ ಕೆರಿಬಿಯನ್ 2024ರಲ್ಲಿ ಸಾರಿದ ಸುಮಾರು 200 ಎಕರೆಯ ಯೋಜನೆಯನ್ನು ಓದುವಾಗ ಈ ತಿದ್ದುಪಡಿಯನ್ನೂ, ಕಾಂಡ್ಲಾ (ಮ್ಯಾಂಗ್ರೋವ್) ಕಡಿಯುವುದನ್ನು ನಿಷೇಧಿಸಿದ 2007ರ ವನ್ಯಜೀವಿ ಕಾಯ್ದೆಯ ತಿದ್ದುಪಡಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಲೈಟ್‌ಹೌಸ್ ಪಾಯಿಂಟ್‌ನ 700ಕ್ಕೂ ಹೆಚ್ಚು ಎಕರೆ ಡಿಸ್ನಿ ಕೊಳ್ಳುವ ಮೊದಲೂ ಖಾಸಗಿಯವರದ್ದೇ. ಆದರೂ ದಕ್ಷಿಣ ಎಲೂಥೆರಾದ ಜನ ಕಚ್ಚಾ ರಸ್ತೆಯಲ್ಲಿ ಆ ತುದಿಗೆ ಹೋಗಿಬರುತ್ತಿದ್ದರು. ವಿರೋಧ ಎದ್ದದ್ದು ಈ ರೂಢಿ ಕೈತಪ್ಪುತ್ತದೆ ಎಂದೇ, ಅದು ಪೂರ್ತಿ ನ್ಯಾಯವಾದ ಆತಂಕ. 2019ರ ಒಪ್ಪಂದದಲ್ಲಿ 190 ಎಕರೆಯನ್ನು ಸರ್ಕಾರಕ್ಕೆ ಕೊಡುವ, ಬಹಾಮಾಸ್ ನಾಗರಿಕರಿಗೆ ಪ್ರವೇಶವಿರುವ ಮಾತು ಸೇರಿತು. ಇಂಥ ಮಾತು ಬಂದಾಗ ಪರಿಶೀಲಿಸುವವರ ಕೆಲಸ ಅದನ್ನು ಅಳತೆಗೆ ಇಳಿಸುವುದು. ಸಾರ್ವಜನಿಕ ರಸ್ತೆಯಿಂದ ನೀರಿನವರೆಗೆ ದಾರಿಯ ಅಗಲ ಎಷ್ಟು ಮೀಟರ್? ಹಡಗು ಬಂದ ದಿನವೂ ತೆರೆದಿರುತ್ತದೆಯೇ? ಮೊದಲೇ ಹೆಸರು ಬರೆಸಬೇಕೇ, ಶುಲ್ಕವಿದೆಯೇ? ಗಾಡಿ ನಿಲ್ಲಿಸಲು ಜಾಗ? ದೋಣಿ ಎಳೆಯುವವರಿಗೆ, ಬಲೆ ಒಣಗಿಸುವವರಿಗೆ ಯಾವ ತುಂಡು?

ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣುತಪ್ಪುವುದು ಭದ್ರತೆಯ ಗಡಿ. ಅಂತರರಾಷ್ಟ್ರೀಯ ಹಡಗು ನಿಲ್ಲುವ ಧಕ್ಕೆಗೆ 2004ರಿಂದ ಐಎಸ್‌ಪಿಎಸ್, ಅಂದರೆ ಹಡಗು ಮತ್ತು ಬಂದರು ಭದ್ರತೆಯ ಅಂತರರಾಷ್ಟ್ರೀಯ ನಿಯಮ, ಅನ್ವಯಿಸುತ್ತದೆ. ಧಕ್ಕೆಯ ಬುಡಕ್ಕೆ ಬೇಲಿ, ಗೇಟು, ಗುರುತುಚೀಟಿ ಎಲ್ಲ ಬರುತ್ತದೆ. ಹಡಗು ನಿಂತಿರುವಾಗ ಸುತ್ತ ನೀರಿನಲ್ಲೂ ದೋಣಿಗಳಿಗೆ ತಡೆ. ಪ್ರವೇಶದ ಭರವಸೆ ಕೊಟ್ಟ ದಾರಿ ಈ ಗಡಿಯೊಳಗೆ ಹಾದುಹೋದರೆ, ಯಾರೂ ಮಾತು ತಪ್ಪದೆಯೇ ಆ ದಾರಿ ಮುಚ್ಚುತ್ತದೆ. ಆದ್ದರಿಂದ ಸರ್ವೆ ನಕ್ಷೆಯ ಮೇಲೆ ಭದ್ರತೆಯ ಗಡಿಯನ್ನು ಕೆಂಪಿನಲ್ಲಿ ಎಳೆಸಿ, ಜನರ ದಾರಿ ಪೂರ್ತಿಯಾಗಿ ಅದರ ಹೊರಗೆ ಬರುವ ಹಾಗೆ ಷರತ್ತು ಬರೆಯಿರಿ. ಷರತ್ತು ಇರಬೇಕಾದ್ದು ಪರಿಸರ ಅನುಮತಿ ಪತ್ರದಲ್ಲಿ ಮತ್ತು ಜಮೀನಿನ ಪತ್ರದಲ್ಲಿ ನೋಂದಾಯಿತ ದಾರಿಹಕ್ಕಾಗಿ. ನಿರ್ವಹಣಾ ಯೋಜನೆಯ ಅನುಬಂಧದಲ್ಲಿ ಮಾತ್ರ ಇದ್ದರೆ ಮುಂದಿನ ಪರಿಷ್ಕರಣೆಯಲ್ಲಿ ಅದು ಕಾಣೆಯಾಗುತ್ತದೆ, ಜಮೀನು ಕೈ ಬದಲಾದರೆ ಹೊಸಬರಿಗೆ ತಾಗುವುದೂ ಇಲ್ಲ. ಭರತರೇಖೆಯನ್ನು ಅಳೆದ ತಾರೀಖನ್ನೂ ಆ ಪತ್ರದಲ್ಲೇ ನಮೂದಿಸಬೇಕು. ಮರಳು ತುಂಬಿ ತೀರವನ್ನು ಅಗಲ ಮಾಡಿದ ಮೇಲೆ ಅಳೆದರೆ ರೇಖೆ ಕಡಲ ಕಡೆ ಸರಿದಿರುತ್ತದೆ, ಹಿಂದೆ ಜನರದ್ದಾಗಿದ್ದ ಮರಳು ಕಂಪನಿಯ ಹಿತ್ತಲಾಗಿರುತ್ತದೆ. ಕೆಲಸ ಶುರುವಾಗುವ ಮೊದಲಿನ ರೇಖೆಯೇ ಲೆಕ್ಕ, ಅದಕ್ಕೆ ದಡದ ಮೇಲೆ ಗುರುತುಕಲ್ಲು ನೆಟ್ಟು ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶವನ್ನು ಅನುಮತಿ ಪತ್ರಕ್ಕೆ ಲಗತ್ತಿಸಬೇಕು.