ಏಳದ ಕೈಗಳು

ಈ ವಾರ ಆ ಹಳೆಯ ವಿಚಾರಣೆಯನ್ನು ಮತ್ತೆ ನೋಡಿದೆ. 2008ರ ನವೆಂಬರ್ 19. ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು ಸರ್ಕಾರದ ನೆರವು ಕೇಳಲು ವಾಷಿಂಗ್ಟನ್‌ನಲ್ಲಿ ಕೂತಿದ್ದಾರೆ. ಎಲ್ಲರ ಹಾಗೆ ಟಿಕೆಟ್ ಕೊಂಡು ವಿಮಾನದಲ್ಲಿ ಬಂದವರು ಕೈ ಎತ್ತಿ ಎನ್ನುತ್ತಾರೆ ಸಂಸದ ಬ್ರ್ಯಾಡ್ ಶೆರ್ಮನ್. ಒಂದೂ ಕೈ ಏಳುವುದಿಲ್ಲ; ಮೂವರೂ ಬಂದದ್ದು ತಂತಮ್ಮ ಕಂಪನಿಯ ಖಾಸಗಿ ಜೆಟ್‌ಗಳಲ್ಲಿ. ಜೆಟ್ ಮಾರಿ, ಟಿಕೆಟ್ ಕೊಂಡು ವಾಪಸ್ ಹೋಗುವವರು? ಆಗಲೂ ಇಲ್ಲ.

ಆ ಪ್ರಯಾಣಕ್ಕೆ ಸಮರ್ಥನೆಯೇ ಇರಲಿಲ್ಲ. ಈ ಕಾರು ಕಂಪನಿಗಳ ನೆಲೆಯಾದ ಡೆಟ್ರಾಯಿಟ್‌ನಿಂದ ವಾಷಿಂಗ್ಟನ್‌ಗೆ ನೇರ ವಿಮಾನಗಳಿಗೆ ಬರವಿಲ್ಲ. ಆದರೆ ಅದರ ಪೆಟ್ಟು ಬಿದ್ದದ್ದು ಇಡೀ ಜೆಟ್ ಉದ್ಯಮಕ್ಕೆ. 2009ರ ಆರಂಭದಲ್ಲಿ ಜೆಟ್ ತಯಾರಿಸುವ ಸೆಸ್ನಾ ಕಂಪನಿ ಜಾಹೀರಾತು ಕೊಟ್ಟು, ಅಂಜಿಕೆಯಿಂದ ನೀವು ಇಷ್ಟು ಮೇಲೆ ಬಂದಿಲ್ಲ ಎಂದು ಮಾಲೀಕರನ್ನು ಹುರಿದುಂಬಿಸಿತು. ಗಟ್ಟಿ ದನಿಯ ಮಾತು, ಒಪ್ಪುತ್ತೇನೆ. ಆದರೆ ಮುಖ್ಯಸ್ಥನಿಗೆ ಆಗ ಬೇಕಿದ್ದದ್ದು ಧೈರ್ಯವಲ್ಲ, ಆಡಳಿತ ಮಂಡಳಿಯ ಮುಂದೆ ಇಡಬಹುದಾದ ಒಂದು ಕಾಗದ.

ಜೆಟ್ ಮಾರುವವನು ಆ ಕಾಗದದಿಂದಲೇ ಶುರು ಮಾಡಬೇಕು. ಕಂಪನಿಯ ಹಿಂದಿನ 24 ತಿಂಗಳ ಪ್ರಯಾಣ ಪಟ್ಟಿ ಕೇಳಿ. ಒಂದೊಂದು ಸಾಲಿನಲ್ಲೂ ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಎಷ್ಟು ರಾತ್ರಿ ಹೋಟೆಲ್, ನೇರ ವಿಮಾನ ಇತ್ತೇ ಎಂದು ಬರೆಯಿರಿ. ಅಮೆರಿಕದಲ್ಲಿ ವಿಮಾನಯಾನ ಸಂಸ್ಥೆಗಳ ನಿಯಮಿತ ಹಾರಾಟ ಇರುವುದು ಸುಮಾರು 500 ನಿಲ್ದಾಣಗಳಿಗೆ. ಸಣ್ಣ ಜೆಟ್ ಇಳಿಯಬಲ್ಲ ನಿಲ್ದಾಣಗಳು ಅದರ ಹಲವು ಪಟ್ಟು. ಒಂದೇ ದಿನ ಐವರು ಎಂಜಿನಿಯರ್‌ಗಳು ಮೂರು ಕಾರ್ಖಾನೆ ಮುಗಿಸಿ ಮನೆ ಸೇರಿದ ಸಾಲು ಇದ್ದರೆ ಜೆಟ್ ಪರವಾಗಿ ಅದೇ ಮಾತಾಡುತ್ತದೆ. ಡೆಟ್ರಾಯಿಟ್–ವಾಷಿಂಗ್ಟನ್‌ನಂಥ ಸಾಲುಗಳನ್ನು ನೀವೇ ಹೊಡೆದುಹಾಕಿ.

ಉಳಿದ ಗಂಟೆಗಳನ್ನು ಕೂಡಿ. ವರ್ಷಕ್ಕೆ 50 ಗಂಟೆ ಬಂದರೆ ಹಲವರು ಸೇರಿ ಕೊಳ್ಳುವ ಜೆಟ್‌ನಲ್ಲಿ ಹದಿನಾರನೇ ಒಂದು ಪಾಲು ಸಾಕು, ಇಲ್ಲವೇ ಬಾಡಿಗೆ ಜೆಟ್. 200 ದಾಟದೆ ಇಡೀ ವಿಮಾನದ ಮಾತೆತ್ತುವುದು ತಪ್ಪು: ಪೈಲಟ್ ಸಂಬಳ, ಹ್ಯಾಂಗರ್, ವಿಮೆ, ತರಬೇತಿ ಇವೆಲ್ಲ ವಿಮಾನ ಹಾರದಿದ್ದರೂ ಕಟ್ಟಬೇಕಾದ ದುಡ್ಡು. ಖಾಲಿ ವಾಪಸಾಗುವ ಹಾರಾಟಗಳನ್ನು ಹಲವರು ಲೆಕ್ಕದಿಂದ ಬಿಡುತ್ತಾರೆ. ಹಣಕಾಸು ಮುಖ್ಯಸ್ಥರು ಅದನ್ನು ಹಿಡಿದ ಕ್ಷಣವೇ ನಂಬಿಕೆ ಹೋಯಿತು.

ತೆರಿಗೆ ಲಾಭವನ್ನೂ ನೋಡಿ ಹೇಳಬೇಕು. ಹೊಸ ವಿಮಾನಕ್ಕೆ ಮೊದಲ ವರ್ಷವೇ ಬೆಲೆಯ ಶೇ 50ರಷ್ಟು ಹೆಚ್ಚುವರಿ ಸವಕಳಿ (ತೆರಿಗೆ ಲೆಕ್ಕದಲ್ಲಿ ಲಾಭದಿಂದ ಕಳೆಯುವ ಮೊತ್ತ) ತೋರಿಸಲು ಆಗ ಅಲ್ಲಿ ಅವಕಾಶವಿತ್ತು. ಆದರೆ ನಷ್ಟದಲ್ಲಿರುವ ಕಂಪನಿಗೆ ಅದನ್ನು ಕಳೆಯಲು ಆ ವರ್ಷ ಲಾಭವೇ ಇರುವುದಿಲ್ಲ. ಮರುಮಾರಾಟದ ಬೆಲೆಯನ್ನಂತೂ ಹಳೆಯ ಪಟ್ಟಿಯಿಂದ ಎತ್ತಲೇಬಾರದು. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಸೆಕೆಂಡ್ ಹ್ಯಾಂಡ್ ಬೆಲೆ ತಿಂಗಳೊಪ್ಪತ್ತಿನಲ್ಲೇ ಕುಸಿಯುತ್ತದೆ.

ಜಗತ್ತಿನಲ್ಲಿ 2008ರಲ್ಲಿ 1,300 ದಾಟಿದ್ದ ಹೊಸ ಬಿಸಿನೆಸ್ ಜೆಟ್‌ಗಳ ವಿತರಣೆ ಮರುವರ್ಷ 900ಕ್ಕೂ ಕೆಳಗಿಳಿಯಿತು. ಕಾರಣ ಆ ವಿಚಾರಣೆಯೊಂದೇ ಅಲ್ಲ, ನಿಜ. ಆದರೂ ಜೆಟ್ ಕಾರ್ಖಾನೆಗಳ ಊರಾದ ವಿಚಿಟಾದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಂದಿಯನ್ನು ನೆನೆದಾಗ ಆ ಮೂವರ ಮೇಲೆ ಸಿಟ್ಟು ಬರುತ್ತದೆ. ಡಿಸೆಂಬರ್‌ನಲ್ಲಿ ಎರಡನೇ ವಿಚಾರಣೆಗೆ ಮೂವರೂ ಡೆಟ್ರಾಯಿಟ್‌ನಿಂದ ತಂತಮ್ಮ ಕಂಪನಿಯ ಹೈಬ್ರಿಡ್ ಕಾರುಗಳಲ್ಲಿ ಬಂದರು.