ಮಂಗಳವಾರ, ಗುರುವಾರ ಊರೇ ತರಗತಿ

ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡ್. ಅದರ ರಾಜಧಾನಿ ಪ್ರಾವಿಡೆನ್ಸ್‌ನಲ್ಲಿ ಎಲ್ಲರೂ ‘ಮೆಟ್’ ಎಂದು ಕರೆಯುವ ಸರ್ಕಾರಿ ಪ್ರೌಢಶಾಲೆ ಇದೆ. ಡೆನಿಸ್ ಲಿಟ್ಕಿ ಮತ್ತು ಎಲಿಯಟ್ ವಾಷರ್ ಎಂಬ ಇಬ್ಬರು ಶಿಕ್ಷಕರು 1996ರಲ್ಲಿ ಇದನ್ನು ಶುರುಮಾಡಿದರು. ಶುಲ್ಕವಿಲ್ಲ, ಹೆಚ್ಚಿನ ಮಕ್ಕಳು ಕಷ್ಟದ ಮನೆಗಳಿಂದ ಬಂದವರು.

ಮಂಗಳವಾರ ಮತ್ತು ಗುರುವಾರ ಮಕ್ಕಳು ಶಾಲೆಯಲ್ಲಿರುವುದಿಲ್ಲ. ಆಸ್ಪತ್ರೆ, ಗ್ಯಾರೇಜು, ವಕೀಲರ ಕಚೇರಿ, ಹೀಗೆ ತಮಗೆ ಆಸಕ್ತಿಯಿರುವ ಕಡೆ ಹೋಗಿ ಕೆಲಸ ಕಲಿಯುತ್ತಾರೆ. ಉಳಿದ ದಿನಗಳಲ್ಲಿ ಅದಕ್ಕೆ ಬೇಕಾದ ಓದು, ಬರಹ, ಲೆಕ್ಕ. ಏನು ಕಲಿಯಬೇಕೆಂಬ ಯೋಜನೆಯನ್ನು ವಿದ್ಯಾರ್ಥಿಯೇ ಬರೆಯಬೇಕು. ಹೆತ್ತವರು, ಕೆಲಸ ಕಲಿಸುವವರು, ‘ಅಡ್ವೈಸರ್’ ಎನಿಸಿಕೊಳ್ಳುವ ಶಿಕ್ಷಕರು ಜೊತೆಗೆ ಕುಳಿತು ಅದನ್ನು ತಿದ್ದುತ್ತಾರೆ. ಸುಮಾರು ಹದಿನೈದು ಮಕ್ಕಳಿಗೆ ಒಬ್ಬ ಅಡ್ವೈಸರ್.

ಪರೀಕ್ಷೆಯ ಅಂಕಗಳ ಬದಲು ಇಲ್ಲಿ ‘ಎಕ್ಸಿಬಿಷನ್’ ಇದೆ, ಅಂದರೆ ಕಲಿತದ್ದನ್ನು ಹೆತ್ತವರು, ಅಡ್ವೈಸರ್ ಮುಂತಾದವರ ಎದುರು ವಿವರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಪಕ್ಕದ ಮನೆಯ ಹುಡುಗಿ ಕರೆದಳೆಂದು ನಾನೂ ಹೋಗಿ ಕುಳಿತಿದ್ದೆ. ಅವಳು ಪಶುವೈದ್ಯರೊಬ್ಬರ ಬಳಿ ಕಲಿಯುತ್ತಿದ್ದಳು. ನಾಯಿಯ ತೂಕ ಬರೆದು, ಔಷಧದ ಪ್ರಮಾಣ ಲೆಕ್ಕಹಾಕಿ ತೋರಿಸಿದಳು. ‘ದಶಮಾಂಶ ಬಿಂದು ಒಂದು ಸ್ಥಾನ ಆಚೆ ಹೋದರೆ?’ ಎಂದು ಅಡ್ವೈಸರ್ ಕೇಳಿದರು. ಹುಡುಗಿ ಹತ್ತುಪಟ್ಟು ಔಷಧ ದೇಹ ಸೇರಿದರೆ ಯಾವ ಅಂಗಕ್ಕೆ ಮೊದಲು ಪೆಟ್ಟು ಎಂಬುದನ್ನು ಚಿತ್ರ ಬರೆದು ವಿವರಿಸಿದಳು. ಗ್ವಾಟೆಮಾಲಾದಿಂದ ಬಂದ ಅವಳ ತಾಯಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅಷ್ಟನ್ನೂ ಸ್ಪ್ಯಾನಿಷ್‌ನಲ್ಲಿ ಮತ್ತೊಮ್ಮೆ ಹೇಳಿದಳು. ತಾಯಿ ಸುಮ್ಮನಿರಲಿಲ್ಲ, ಎರಡು ಪ್ರಶ್ನೆ ಕೇಳಿಯೇ ಕೇಳಿದರು. ಮಗಳ ಓದಿನ ಬಗ್ಗೆ ತಾಯಿಗೆ ಪ್ರಶ್ನೆ ಕೇಳುವ ಹಕ್ಕಿದೆ, ಅದಕ್ಕೆ ಮಗಳು ಉತ್ತರ ಕೊಡಬೇಕು. ಪ್ರಗತಿಪತ್ರಕ್ಕೆ ಸಹಿ ಹಾಕಿ ಕಳುಹಿಸುವುದಷ್ಟೇ ಹೆತ್ತವರ ಪಾಲು ಎಂದುಕೊಂಡು ಬೆಳೆದ ನನಗೆ ಇದು ಬಹಳ ಹಿಡಿಸಿತು.

ಎಲ್ಲವೂ ಸಲೀಸಲ್ಲ. ಹಂತಹಂತವಾಗಿ ಕಟ್ಟಿಕೊಂಡು ಹೋಗಬೇಕಾದ ಗಣಿತ, ರಸಾಯನಶಾಸ್ತ್ರಗಳು ಕೆಲಸದ ಜಾಗದಲ್ಲಿ ಚೂರುಚೂರಾಗಿ ಸಿಗುತ್ತವೆ. ಆ ಕೊರತೆ ನೀಗಲು ಕಾಲೇಜಿನ ತರಗತಿಗಳನ್ನೂ ಸೇರುವವರಿದ್ದಾರೆ. ಅಡ್ವೈಸರ್ ಅಂತೂ ಪಾಠ, ಮನೆಭೇಟಿ, ಕೆಲಸದ ಜಾಗ ಹುಡುಕುವುದು ಎಲ್ಲವನ್ನೂ ಹೊರಬೇಕು. ಅಂಥವರು ಸಿಗದಿದ್ದರೆ ಈ ಪದ್ಧತಿ ನಿಲ್ಲದು ಎಂದೇ ನನ್ನ ಅನಿಸಿಕೆ. ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ 75 ಪುಟಗಳ ಆತ್ಮಕಥೆ ಬರೆಯುತ್ತಾನೆ. ಆ ಪುಟಗಳನ್ನೂ ಯಾರೋ ಕುಳಿತು ಓದಬೇಕಲ್ಲ!

ಹಾಸನದ ಬಳಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ‘ವಾರಕ್ಕೆ ಎರಡು ದಿನ ಹೊರಗೆ ಕಳುಹಿಸುವುದು ನನ್ನಿಂದಾಗದು, ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಮುಟ್ಟುವಂತೆಯೂ ಇಲ್ಲ. ಆದರೆ ಎಂಟನೆಯ ತರಗತಿಯವರಿಂದ ಎಕ್ಸಿಬಿಷನ್ ಮಾಡಿಸಬಹುದು ಕಣೋ’ ಎಂದಳು. ಮೊದಲ ಸರದಿ ರೇಷ್ಮೆ ಸಾಕುವ ಮನೆಯ ಹುಡುಗನದ್ದಂತೆ. ಅವನ ಅಪ್ಪನನ್ನೂ ಕರೆಸುತ್ತಾಳಂತೆ.