ಜಾತ್ರೆ ಪೇಟೆಯಲ್ಲಿ ಯಾರು ಎಷ್ಟು ಹೊತ್ತು ನಿಂತರು

ಆಷಾಢದಲ್ಲಿ ನಾಲ್ಕು ದಿನ ಶಿರಸಿಯ ಮನೆಗೆ ಹೋಗಿದ್ದೆ. ಡಬ್ಬಿ ತೆಗೆದರೆ ಹರಳು ಸಕ್ಕರೆ ಒಂಚೂರು ತೇವ, ಅಷ್ಟೆ. ಪಕ್ಕದ ಡಬ್ಬಿಯ ಪುಡಿ ಸಕ್ಕರೆ ಮಾತ್ರ ಕಲ್ಲು. ಚಮಚದ ಹಿಡಿಯಿಂದ ಕುಟ್ಟಬೇಕಾಯಿತು. ಎರಡೂ ಒಂದೇ ಚೀಲದ್ದು. ಒಂದನ್ನು ಆಯಿ ಮಿಕ್ಸಿಗೆ ಹಾಕಿದ್ದಳು.

"ನೀ ಅಲ್ಲಿ ಎಂತ ಮಾಡ್ತೆ?" ಅಂತ ಆಯಿ ಆರು ವರ್ಷದಿಂದ ಕೇಳುತ್ತಿದ್ದಾಳೆ. "ಇದನ್ನೇ" ಅಂದೆ, ಆ ಕಲ್ಲು ತೋರಿಸಿ.

ನನ್ನ ಕೆಲಸ ಔಷಧಿ ಪುಡಿಗಳ ಮೇಲ್ಮೈ ಅಳೆಯುವುದು. ಅದಕ್ಕಿರುವ ವಿಧಾನದ ಹೆಸರು ಇನ್ವರ್ಸ್ ಗ್ಯಾಸ್ ಕ್ರೊಮಟೋಗ್ರಫಿ. ಆಯಿಗೆ ಮಾರಿಕಾಂಬಾ ಜಾತ್ರೆ ಇಟ್ಟುಕೊಂಡೇ ಹೇಳಿದೆ. ಬಿಡಕಿಬೈಲಿನ ಪೇಟೆಯಲ್ಲಿ ಈ ತುದಿಯಿಂದ ಒಬ್ಬರನ್ನು ಬಿಟ್ಟರೆ ಆ ತುದಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತಾರೆ? ಬಳೆಯ ಆಸೆ ಇದ್ದವಳು ಬಳೆ ಅಂಗಡಿ ಕಂಡಲ್ಲೆಲ್ಲ ನಿಲ್ಲುತ್ತಾಳೆ. ಯಾವ ಆಸೆಯೂ ಇಲ್ಲದವ ಸೀದಾ ದಾಟುತ್ತಾನೆ. ಮಾಮೂಲಿ ಕ್ರೊಮಟೋಗ್ರಫಿಯಲ್ಲಿ ಅಂಗಡಿಗಳು ಗೊತ್ತು, ಬಂದವರು ಯಾರು ಅಂತ ಹುಡುಕುತ್ತೇವೆ. ಇಲ್ಲಿ ಉಲ್ಟಾ. ಬಂದವರು ಗೊತ್ತು, ಪೇಟೆಯಲ್ಲಿ ಯಾವ ಅಂಗಡಿ ಎಷ್ಟಿವೆ ಅನ್ನೋದು ಗೊತ್ತಿಲ್ಲ.

ಪೇಟೆ ಅಂದರೆ 30 ಸೆಂಟಿಮೀಟರ್ ಉದ್ದದ ಗಾಜಿನ ನಳಿಗೆ. ಒಳಗೆ ಪುಡಿ, ಎರಡೂ ತುದಿಗೆ ಗಾಜಿನ ಹತ್ತಿ. ಹೀಲಿಯಂ ಹರಿಯುತ್ತಿರುತ್ತದೆ. ಆಸೆಯಿಲ್ಲದವ ಮೀಥೇನ್. ಆಮೇಲೆ ಹೆಕ್ಸೇನ್, ಹೆಪ್ಟೇನ್, ಆಕ್ಟೇನ್, ನೋನೇನ್ ಆವಿಗಳನ್ನು ಒಂದೊಂದಾಗಿ ಬಿಡುತ್ತೇವೆ. ಕ್ರಮವಾಗಿ ಆರು, ಏಳು, ಎಂಟು, ಒಂಬತ್ತು ಕಾರ್ಬನ್ ಇರುವಂಥವು. ಒಂದೊಂದು ಕಾರ್ಬನ್ ಹೆಚ್ಚಾದಂತೆ ಎಷ್ಟು ಜಾಸ್ತಿ ತಡೆಯಿತು ಅನ್ನೋದನ್ನು ಗೆರೆ ಎಳೆದು ನೋಡಿದರೆ ಮೇಲ್ಮೈ ಶಕ್ತಿ, ಅಂದರೆ ಪುಡಿಯ ಮೈ ಬೇರೆಯದನ್ನು ಎಷ್ಟು ಗಟ್ಟಿ ಹಿಡಿಯುತ್ತದೆ ಅನ್ನೋದು ಸಿಗುತ್ತದೆ. 1980ರಲ್ಲಿ ಡೋರಿಸ್ ಮತ್ತು ಗ್ರೇ ಅನ್ನೋ ವಿಜ್ಞಾನಿಗಳು ಕೊಟ್ಟ ಲೆಕ್ಕ ಇದು. ಮಾತ್ರೆಗಳಲ್ಲಿ ಬಳಸುವ ಲ್ಯಾಕ್ಟೋಸಿಗೆ (ಹಾಲಿನ ಸಕ್ಕರೆ) ಚದರ ಮೀಟರಿಗೆ 40 ಮಿಲಿಜೂಲ್ ಆಸುಪಾಸು ಬರುತ್ತದೆ. ಅದನ್ನೇ ಅರೆದರೆ ಏರುತ್ತದೆ. ಹರಳಿನ ಕಟ್ಟು ಮುರಿದ ಜಾಗಗಳು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತವೆ, ನೀರನ್ನಂತೂ ಬಿಡುವುದೇ ಇಲ್ಲ. ಶುದ್ಧತೆ ಪರೀಕ್ಷೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಎರಡೂ ಪುಡಿ ಪಾಸು.

ಶುರುವಿನಲ್ಲಿ ಈ ನೀರೇ ನನ್ನ ಮಾನ ಕಳೆದಿತ್ತು. ಜುಲೈ ತಿಂಗಳು. ಪುಡಿಯ ಬಾಟಲಿ ತೆರೆದಿಟ್ಟು ಊಟಕ್ಕೆ ಹೋದೆ. ಬಂದು ನಳಿಗೆ ತುಂಬಿ, ಒಣ ಗ್ಯಾಸ್ ಅರ್ಧ ಗಂಟೆ ಹಾಯಿಸಿ ಸಾಕು ಅಂದುಕೊಂಡೆ. ಗೆರೆ ಚಂದ ನೇರ ಬಂತು. ಆದರೆ ಪ್ರತಿ ಸಲವೂ ಆಕ್ಟೇನ್ ಹಿಂದಿನ ಸಲಕ್ಕಿಂತ ಸ್ವಲ್ಪ ತಡವಾಗಿ ಹೊರಬರುತ್ತಿತ್ತು. ಎರಡು ದಿನ ಮಷಿನ್ನಿಗೆ ಬೈದೆ, ಸೋರಿಕೆ ಹುಡುಕಿದೆ. ಮಷಿನ್ನಿನ ತಪ್ಪೇನೂ ಇರಲಿಲ್ಲ. ಒಳ್ಳೆಯ ಅಂಗಡಿಗಳ ಮುಂದೆಲ್ಲ ನೀರು ಮೊದಲೇ ಕೂತಿತ್ತು. ಅದು ಒಣಗಿ ಎದ್ದು ಹೋದ ಹಾಗೆ ಆಕ್ಟೇನಿಗೆ ಜಾಗ ಸಿಗುತ್ತಿತ್ತು. ಈಗ ರಾತ್ರಿಯಿಡೀ ಒಣಗಿಸುತ್ತೇನೆ.

ಯಾವುದು ಯಾವುದರಲ್ಲಿ ಕರಗುತ್ತದೆ ಅನ್ನೋದನ್ನೂ ಇದೇ ವಿಧಾನದಲ್ಲಿ ಅಂದಾಜು ಮಾಡಬಹುದು. ಆ ವಿಷಯ ಆಯಿಗೆ ಬೇಗ ಹಿಡಿಸಿತು. ಹಲಸಿನ ಮೇಣ ನೀರಲ್ಲಿ ತೊಳೆದರೆ ಹೋಗುವುದಿಲ್ಲ, ತೆಂಗಿನೆಣ್ಣೆಗೆ ಬಿಡುತ್ತದೆ, ಅಲ್ವಾ. ಯಾವುದಕ್ಕೆ ಯಾವುದು ಒಗ್ಗುತ್ತದೆ ಅನ್ನೋದನ್ನು ಹ್ಯಾನ್ಸೆನ್ ಅನ್ನೋ ವಿಜ್ಞಾನಿ 1967ರಲ್ಲಿ ಮೂರು ಅಂಕಿಗಳಿಗೆ ಇಳಿಸಿದ. ಪಾಲಿಮರನ್ನು (ಪ್ಲಾಸ್ಟಿಕ್ಕಿನಂಥ ವಸ್ತು) ಅದು ಮೆತ್ತಗಾಗುವಷ್ಟು ಬಿಸಿ ಮಾಡಿ ಇದೇ ನಳಿಗೆಯಲ್ಲಿಟ್ಟರೆ ಆವಿ ಮೇಲೆ ಕೂರದೆ ಒಳಗೇ ಇಳಿಯುತ್ತದೆ. ಯಾವ ದ್ರಾವಕದ ಆವಿ ಎಷ್ಟು ಹೊತ್ತು ಒಳಗಿತ್ತು ಅನ್ನೋದರಿಂದ ಆ ಅಂಕಿಗಳನ್ನು ಅಂದಾಜು ಮಾಡಬಹುದು. ತಣ್ಣಗಿದ್ದಾಗ ಮಾಡಿದರೆ ಬರೀ ಮೇಲ್ಮೈ ಲೆಕ್ಕ ಬರುತ್ತದೆ. ಇದನ್ನು ಮರೆತು ಎರಡನ್ನೂ ಕಲಸಿ ಬರೆದ ವರದಿ ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಆಯಿ ಎಲ್ಲ ಕೇಳಿ, "ಹಂಗಾರೆ ಮಳೆಗಾಲದಲ್ಲಿ ಬೇಕಾದಷ್ಟೇ ಪುಡಿ ಮಾಡವು" ಅಂದಳು. ಹೊರಡುವಾಗ ಎರಡೂ ಡಬ್ಬಿಯಿಂದ ಒಂದೊಂದು ಹಿಡಿ ಕಟ್ಟಿಸಿಕೊಂಡು ಬಂದೆ. ಶುಕ್ರವಾರ ಮಷಿನ್ ಖಾಲಿ ಇದೆ.